ಚೀಟಿಯಣ್ಣ ಕತ್ತರಿಸಿದ ಪ್ಲಗ್

ಅವನ ಕೆಲಸವನ್ನು ಎಷ್ಟು ಬಿಡಿಸಿ ಹೇಳಿದರೂ ಜನರ ತಲೆಗೆ ಹೋಗುತ್ತಿದ್ದುದು ಒಂದೇ: ಚೀಟಿ ಅಂಟಿಸುವವನು. ಹಾಗಾಗಿ ಚೀಟಿಯಣ್ಣ ಎಂಬ ಹೆಸರೇ ಗಟ್ಟಿಯಾಯಿತು. ತೋಟ, ಕೊಟ್ಟಿಗೆ, ಕೋಳಿ ಫಾರ್ಮು ಎಂದು ಬೈಕಿನಲ್ಲಿ ಸುತ್ತುವುದು. ಅಲ್ಲಿನ ಪಂಪು, ಹೀಟರು, ಮೇವು ಕತ್ತರಿಸುವ ಯಂತ್ರಗಳಿಗೆ ತನ್ನ ಪೆಟ್ಟಿಗೆಯ ವೈರು ತಾಗಿಸಿ, ಒಳಗಿನ ಕರೆಂಟು ಹೊರಮೈಗೆ ಸೋರುತ್ತಿದೆಯೇ ಎಂದು ನೋಡುವುದು. ಚೆನ್ನಾಗಿದ್ದರೆ ಹಸಿರು ಚೀಟಿ, ಸೋರಿದರೆ ಕೆಂಪು. ಅಲ್ಲಿಗೆ ಅವನ ಅಧಿಕಾರ ಮುಗಿಯಿತು. ಕೆಂಪು ಚೀಟಿಯ ಯಂತ್ರವನ್ನು ಓಡಿಸುವುದು, ಬಿಡುವುದು ಯಜಮಾನರ ಮರ್ಜಿ.

ಯಜಮಾನರೇನು ಕಡಿಮೆಯವರೇ? ಅವನು ಬರುವ ದಿನ ಹಳೆಯ ಡ್ರಿಲ್ಲು ಹುಲ್ಲಿನ ಅಡಿ ಸೇರುತ್ತಿತ್ತು, ಪಕ್ಕದ ತೋಟದ ಹೊಸ ಡ್ರಿಲ್ಲು ಮೇಜಿಗೆ ಬರುತ್ತಿತ್ತು. ಒಮ್ಮೆ ಮೂರನೆಯ ಮನೆಯಲ್ಲೂ ಅದೇ ನೀಲಿ ಡ್ರಿಲ್ಲು ಎದುರಾದಾಗ ಅವನು ಅದಕ್ಕೇ ಕೈಮುಗಿದು, ಓಡಾಡಿ ಸುಸ್ತಾಯಿತೇನಪ್ಪ ಎಂದು ವಿಚಾರಿಸಿದ. ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾಚಿಕೆಪಟ್ಟವರು ಒಬ್ಬರೂ ಇಲ್ಲ.

ಅವನೂ ನಕ್ಕು ಸುಮ್ಮನಿರಬಹುದಿತ್ತು, ಅಕ್ಕನ ಮನೆಯೂ ಅವನ ದಾರಿಯಲ್ಲೇ ಇರದಿದ್ದರೆ. ತಾಯಿಯಿಲ್ಲದ ಅವನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದ ಅಕ್ಕ. ಭಾವನದು ಹಾಲಿನ ವ್ಯಾಪಾರ, ಕೊಟ್ಟಿಗೆ ತುಂಬ ಹಸು. ಕ್ಯಾನು ತೊಳೆಯುವ ಕೋಣೆಯಲ್ಲಿ ಅಕ್ಕ ಎರಡು ಹೊತ್ತೂ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲುತ್ತಿದ್ದಳು, ಬೂಟು ಕಚ್ಚುತ್ತದಂತೆ. ಪಕ್ಕದಲ್ಲೇ ನೀರಿನ ಪಂಪಿನ ಮೋಟರು. ಅದಕ್ಕೆ ವೈರು ತಾಗಿಸಿದಾಗಲೆಲ್ಲ ಪೆಟ್ಟಿಗೆಯ ಮುಳ್ಳು ಒಂದೇ ನೆಗೆತಕ್ಕೆ ಕೊನೆ ಮುಟ್ಟುತ್ತಿತ್ತು. ಸೋರಿದ ಕರೆಂಟನ್ನು ನೆಲಕ್ಕಿಳಿಸಬೇಕಾದ ಗೋಡೆಯೊಳಗಿನ ಅರ್ಥಿಂಗ್ ಎಂದೋ ಸತ್ತಿತ್ತು, ಗೋಡೆಯ ವೈರು ಮುಟ್ಟಲು ಅವನಿಗೆ ಅಪ್ಪಣೆಯಿರಲಿಲ್ಲ.

ಭಾವ ಕೆಟ್ಟವನಾಗಿದ್ದರೆ ಜಗಳವಾಡಬಹುದಿತ್ತು. ಒಳ್ಳೆಯವನು, ಅವನಿಗೆ ಹೇಳುವುದು ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಅಷ್ಟೇ. ಕರು ಮಾರಿದ ಮೇಲೆ ಹೊಸ ಮೋಟರು ಎಂದ. ಕರು ಹೋಯಿತು, ಮಳೆ ನಿಲ್ಲಲಿ ಎಂದ. ನಾನೇ ತಂದುಕೊಡುತ್ತೇನೆ ಎಂದರೆ, ಹೆಂಡತಿಯ ತಮ್ಮನ ಮುಂದೆ ಕೈಯೊಡ್ಡುವಷ್ಟು ಗತಿಗೆಟ್ಟಿಲ್ಲ ಎಂದು ಮುಖ ಊದಿಸಿಕೊಂಡ. ಕರೆಂಟು ಸೋರಿದೊಡನೆ ತಾನೇ ಆರಿಸುವ ಒಂದು ಪುಟ್ಟ ಪೆಟ್ಟಿಗೆಯನ್ನು ಚೀಟಿಯಣ್ಣ ಅಲ್ಲಿ ಸಿಕ್ಕಿಸಿದ. ಪಂಪು ಹಾಕಿದೊಡನೆ ಅದು ಟಕ್ಕೆಂದು ಆರಿಸಿತು. ಅದನ್ನು ಇಟ್ಟದ್ದೇ ಅದಕ್ಕೆ. ಭಾವ ಅದನ್ನು ಕಿತ್ತು, ಕೆಟ್ಟುಹೋಗಿದೆ, ಬದಲಾಯಿಸಿಕೊಂಡು ಬಾ ಎಂದು ಕೈಗಿಟ್ಟ. ಇಂಥವರಿಗೆ ಏನು ಹೇಳುತ್ತೀರಿ?

ಒಂದು ಬೆಳಿಗ್ಗೆ ಅಕ್ಕ, ನಿನ್ನೆ ಮೋಟರು ಮುಟ್ಟಿದಾಗ ಮೊಣಕೈವರೆಗೂ ಜುಮ್ಮೆಂದಿತು ಎಂದು ತಮಾಷೆಯಂತೆ ಹೇಳಿದಳು. ಚೀಟಿಯಣ್ಣನಿಗೆ ತಡೆಯಲಾಗಲಿಲ್ಲ. ಇಕ್ಕಳ ತೆಗೆದು ಪ್ಲಗ್ಗನ್ನು ಕಚಕ್ಕನೆ ಕತ್ತರಿಸಿ ಜೇಬಿಗೆ ಹಾಕಿಕೊಂಡ. ಅವನ ಕೆಲಸದಲ್ಲಿ ಅದಕ್ಕೆ ಒಪ್ಪಿಗೆಯಿಲ್ಲ. ಹೋದರೆ ಕೆಲಸ ಹೋಗಲಿ ಎಂದುಕೊಂಡು ಬೈಕು ಹತ್ತಿದ. ಎದೆಯ ಮೇಲಿನ ಬಂಡೆ ಇಳಿದ ಹಾಗಿತ್ತು.

ಆದರೂ ಮನಸ್ಸು ತಡೆಯದೆ ಮರುದಿನ ನೋಡಲು ಹೋದ. ಪಂಪು ಓಡುತ್ತಿತ್ತು. ಭಾವ ಎರಡು ವೈರಿನ ತುದಿ ಸುಲಿದು, ಬೆತ್ತಲೆ ತಾಮ್ರವನ್ನೇ ಸಾಕೆಟ್ಟಿನ ತೂತಿಗೆ ತುರುಕಿ, ಬೀಳದಂತೆ ಬೆಂಕಿಕಡ್ಡಿ ಚುಚ್ಚಿದ್ದ. ಅರ್ಥಿಂಗಿನ ಮೂರನೆಯ ವೈರು ಎತ್ತಲೋ ನೇತಾಡುತ್ತಿತ್ತು. ಗೋಡೆಯ ಮೇಲೆಲ್ಲ ನೀರಿನ ಸಿಡಿತ. ಅಕ್ಕ ಆ ಮೂಲೆಗೆ ಕಾಲಿಡಲು ಹೆದರಿ ದೂರದ ಬಾಗಿಲ ಬಳಿ ಕ್ಯಾನು ತಿಕ್ಕುತ್ತಿದ್ದಳು. ಸ್ವಿಚ್ಚು ಹಾಕುವುದು, ಆರಿಸುವುದು ಎಲ್ಲ ಭಾವನದೇ.

"ನೀನು ಕತ್ತರಿಸಿದ್ದಕ್ಕೆ ಈ ಗತಿ," ಎಂದ ಭಾವ. "ಪ್ಲಗ್ ಇಲ್ಲ ಅಂತ ಹಸು ಹಾಲು ಕೊಡೋದು ನಿಲ್ಲಿಸುತ್ತಾ?"

ಅತ್ತ ದರಿ, ಇತ್ತ ಪುಲಿ. ಹಾಗೆಯೇ ಬಿಟ್ಟು ಹೋದರೆ ಇವತ್ತೋ ನಾಳೆಯೋ ಯಾರಾದರೂ ಸುಟ್ಟುಹೋಗುವುದು ಖಂಡಿತ. ಅವನು ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತು, ತಾನೇ ಕೆಂಪು ಚೀಟಿ ಅಂಟಿಸಿದ ಯಂತ್ರಕ್ಕೆ ಜೇಬಿನಲ್ಲಿದ್ದ ಪ್ಲಗ್ಗನ್ನು ತಾನೇ ಮತ್ತೆ ಜೋಡಿಸಿದ. ಸ್ಕ್ರೂ ಬಿಗಿಯುವಾಗ ತನ್ನ ಮೇಲೆಯೇ ಅವನಿಗೆ ಹೇಸಿಗೆಯಾಯಿತು.

"ಅಕ್ಕಾ, ಇಲ್ಲಿ ಕೇಳು. ನಾನು ಪ್ಲಗ್ ಮಾತ್ರ ಹಾಕಿದ್ದೀನಿ. ಮೋಟರು ಈಗಲೂ ಸೋರುತ್ತೆ. ಅದರ ಮೇಲೆ ಕೈ ಇಡಬೇಡ."

ಅಕ್ಕನ ಮುಖ ಅರಳಿತು. "ನೀನೇ ಕೈಯಾರೆ ಹಾಕಿದ್ದೀಯಲ್ಲ, ಇನ್ನು ನಂಗೇನು ಭಯ?"

ಕ್ಯಾನು ಕೆಳಗಿಟ್ಟು, ಒದ್ದೆ ಕಾಲಲ್ಲೇ ಮೂಲೆಗೆ ನಡೆದು, ಒದ್ದೆ ಬೆರಳಲ್ಲೇ ಸ್ವಿಚ್ಚು ಒತ್ತಿ, ಆಸರೆಗೆಂದು ಇನ್ನೊಂದು ಕೈಯನ್ನು ಮೋಟರಿನ ಮೇಲೆ ಊರಿದಳು. ಆ ದಿನ ಏನೂ ಆಗಲಿಲ್ಲ. ಅಕ್ಕ ತಿರುಗಿ ನೋಡಿ ನಕ್ಕಳು. ನಿನ್ನೆಯಿಂದ ಅವಳನ್ನು ಕಾಯುತ್ತಿದ್ದುದು ಅವಳ ಹೆದರಿಕೆಯೊಂದೇ. ಅದನ್ನೂ ಅವನೇ ತೆಗೆದುಬಿಟ್ಟಿದ್ದ.