ಹಿಂದಿನ ದಿನದ ಟಿಕೆಟ್

ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನ ಎದುರು ಟ್ರಾವೆಲ್ಸ್ ನಡೆಸುವ ಗುರುಮಲ್ಲಪ್ಪನವರ ಪಾಲಿಗೆ ಸಮಯಕ್ಕೆ ಸರಿಯಾಗಿ ಹೋಗುವುದೆಂದರೆ ತಡವಾಗಿ ಹೋದಂತೆಯೇ. ಅವರು ಮದುವೆಗೆ ಹೋದಾಗ ಶಾಮಿಯಾನದವರು ಇನ್ನೂ ಹಗ್ಗ ಕಟ್ಟುತ್ತಿರುತ್ತಾರೆ. ಚಾಮರಾಜನಗರದ ಕಚೇರಿಗೆ ಹೋದರೆ ಕಸ ಗುಡಿಸುವವಳು "ಕಾಲೆತ್ಕಳಿ ಸಾಮಿ" ಅನ್ನುತ್ತಾಳೆ. ಮುಂಬೈಯಿಂದ ಹಡಗಿನಲ್ಲಿ ವಿಹಾರ ಹೊರಡುವವರು ಯಾರೇ ಬರಲಿ, ಹಡಗು ಬಿಡುವ ದಿನದ ವಿಮಾನಕ್ಕೆ ಅವರು ಟಿಕೆಟ್ ಮಾಡಿಕೊಡುವುದಿಲ್ಲ. ಹಿಂದಿನ ದಿನದ್ದೇ ಆಗಬೇಕು. "ಬೆಳಗ್ಗೆ ಇಳುದ್ರೆ ಸಂಜೆ ಹಡಗಿಗೆ ಸರಿಹೋಯ್ತದೆ. ಸುಮ್ನೆ ಒಂದ್ ರಾತ್ರಿ ಲಾಡ್ಜ್ ಯಾಕಣ್ಣ?" ಎಂದು ಹರವೆಯ ನಾಗಮಣಿ ಟೀಚರ್ ಮೊನ್ನೆ ವಾದಕ್ಕೆ ನಿಂತರು. "ಹಡಗು ನಮ್ಮ ತೆರಕಣಾಂಬಿ ಬಸ್ಸಲ್ಲ ಕಣಮ್ಮ, ಕೈ ಅಡ್ಡ ಹಾಕುದ್ರೆ ನಿಲ್ಲಕ್ಕೆ. ಬೇಕಾರೆ ಬೇರೆ ಕಡೆ ಮಾಡುಸ್ಕಳಿ," ಎಂದರು ಗುರುಮಲ್ಲಪ್ಪನವರು. ಟೀಚರ್ ನಕ್ಕು ಒಪ್ಪಿ, ಹಣೆಗಿಟ್ಟುಕೊಳ್ಳಲು ಮೇಜಿನ ಮೇಲಿದ್ದ ವಿಭೂತಿ ಗಟ್ಟಿಗೆ ಕೈಚಾಚಿದರು. ಗುರುಮಲ್ಲಪ್ಪನವರು ಅದನ್ನು ಮೆಲ್ಲಗೆ ತಮ್ಮತ್ತ ಸರಿಸಿಕೊಂಡು, ಖಾನೆಯಿಂದ ಬೇರೆ ವಿಭೂತಿ ತೆಗೆದುಕೊಟ್ಟರು. ಟೀಚರಿಗೆ ಗೊತ್ತಿಲ್ಲ, ಹಿಂದೊಮ್ಮೆ ಮುಂಬೈಯಲ್ಲಿ ಗಿರಾಕಿಗಳನ್ನು ಹಡಗು ಹತ್ತಿಸಿ ಬರುವಷ್ಟರಲ್ಲಿ ಅವ್ವ ತೀರಿಕೊಂಡ ಸುದ್ದಿ ಬಂದಿತ್ತು. "ನಾಳೆ ಮಧ್ಯಾಹ್ನ ಇಳುದ್ರೆ ಸಂಜೆ ಮಣ್ಣಿಗೆ ಸರಿಹೋಯ್ತದೆ, ಕಾಯ್ರಿ," ಎಂದು ಇವರೇ ಫೋನಿನಲ್ಲಿ ಹೇಳಿದ್ದರು. ಗುಣಿಯೊಳಗೆ ಅವ್ವನ ಪಕ್ಕ ಇಡಲೆಂದು ಮೇಜಿನ ಮೇಲಿನ ಈ ಗಟ್ಟಿಯನ್ನು ಅಲ್ಲೇ ಕೊಂಡು ತಂದರು. ವಿಮಾನ ತಡವಾಯಿತು. ಊರವರು ಹೊತ್ತು ಮುಳುಗುವ ತನಕ ಅವ್ವನನ್ನು ಕೂರಿಸಿಕೊಂಡೇ ಕಾದರು. ಇವರು ಬಂದು ನಿಂತಾಗ ಹಸಿಮಣ್ಣಿನ ಮೇಲೆ ಹೂವಿತ್ತು, ವಿಭೂತಿ ಇವರ ಕೈಯಲ್ಲಿತ್ತು.