ತೊಡೆಯ ಮೇಲೆ ಒತ್ತಿದ ಕೈ

ಹೊಡೆದಾಟದಲ್ಲಿ ಗಾಯವಾದವರನ್ನು ಆಸ್ಪತ್ರೆ ಮುಟ್ಟುವತನಕ ಉಳಿಸಿಕೊಳ್ಳುವುದು ಹೇಗೆಂದು ಶಿಕಾರಿಪುರದಲ್ಲಿ ಒಂದು ದಿನದ ತರಬೇತಿ ಇತ್ತು. ನಾನು ಪಾಠ ಮಾಡುವ ಕಾಲೇಜಿನಿಂದ ಯಾರಾದರೂ ಹೋಗಬೇಕಿತ್ತು, ಹೋದೆ. ಕಲಿಸಲು ಬಂದ ನರ್ಸ್ ಬಾಳೆದಿಂಡಿಗೆ ಒಂದು ಸೀಳು ಹಾಕಿ, ಅದರೊಳಗೆ ಬಟ್ಟೆ ತುರುಕಿ ಮೈಭಾರ ಬಿಟ್ಟು ಒತ್ತಲು ಹೇಳಿದರು.

"ಎಷ್ಟು ಹೊತ್ತು?" ಎಂದೆ.

"ಡಾಕ್ಟರ್ ಸಿಗೋತನಕ ರೀ. ನಡುವೆ ಎತ್ತಿ ನೋಡಬಾರ್ದು."

"ನೋಡದೆ ರಕ್ತ ನಿಂತದ್ದು ನನಗೆ ಗೊತ್ತಾಗೋದು ಹೇಗೆ?"

"ನಿಮಗ್ಯಾಕೆ ಗೊತ್ತಾಗಬೇಕು? ಅದು ನಿಂತ್ರೆ ಸಾಕು."

ಪುರಾವೆಯಿಲ್ಲದ ಮಾತು ಎಂದುಕೊಂಡೇ ಒತ್ತಿದೆ. ಕೊನೆಗೆ ಅವರು 'ದಿಂಡು ಬದುಕಿತು' ಎಂದ ನೆನಪು. ಅದನ್ನು ಆಮೇಲೆ ನಾನೇ ಸೇರಿಸಿಕೊಂಡಿದ್ದರೂ ಇರಬಹುದು.

ಅದೇ ಬೇಸಿಗೆಯಲ್ಲಿ ಜಡೆ ಊರಿನ ಹತ್ತಿರ ಪರಿಚಯದವರ ಮನೆಗೆ ಹೋಗಿದ್ದೆ. ಪಕ್ಕದ ಗದ್ದೆಯಲ್ಲಿ ಅಣ್ಣತಮ್ಮಂದಿರು ಬದುವಿಗಾಗಿ ಜಗಳವಾಡುತ್ತಿದ್ದರು. ಅಣ್ಣ ಕತ್ತಿ ಬೀಸಿದ, ತಮ್ಮನ ತೊಡೆ ಸೀಳಿತು. ಕತ್ತಿ ಆಚೆ ಎಸೆಯಿರಿ ಎಂದು ದೂರದಿಂದಲೇ ಕೂಗಿದೆ. ಅಣ್ಣ ಎಸೆದ. ಹೋಗಿ ಟವೆಲ್ ತುರುಕಿ ಒತ್ತಿದೆ.

"ಕಾಲು ಉಳೀತದಾ?" ಎಂದ ತಮ್ಮ.

"ಉಳೀತದೆ" ಎಂದೆ. ಇದಕ್ಕೂ ಪುರಾವೆ ಇರಲಿಲ್ಲ.

ಗಾಯವಾದವನ ಬಳಿಗೆ ಬಂದವರು ಗಾಯ ನೋಡದೆ ಹೋಗುವ ರೂಢಿ ನಮ್ಮ ಕಡೆ ಇಲ್ಲ. ಹಾಗೆ ಹೋದರೆ ಬಂದದ್ದೇ ಲೆಕ್ಕಕ್ಕಿಲ್ಲ.

"ಸ್ವಲ್ಪ ಬಟ್ಟೆ ಎತ್ರಿ ಮಾರಾಯ್ರೆ, ನೋಡಾಣ" ಎಂದರು ಒಬ್ಬ ಹಿರಿಯರು.

"ಎತ್ತಿದ್ರೆ ಮತ್ತೆ ರಕ್ತ ಹೋಗ್ತದೆ."

"ನೋಡದೆ ಮನೇಲಿ ಏನಂತ ಹೇಳೋದು?"

ತಮ್ಮನ ಅತ್ತೆ ಕಾಫಿಪುಡಿ ಡಬ್ಬಿ ಹಿಡಿದು ಬಂದರು. "ಕೈ ತೆಗಿಯಪ್ಪ, ಪುಡಿ ಹಾಕ್ತೀನಿ."

"ನೀನೇ ಕಾಫಿ ಮಾಡ್ಕಂಡು ಕುಡಿಯೇ ಅತ್ತೆ" ಎಂದ ತಮ್ಮ. ಮುಖ ಬಿಳಿಚಿಕೊಂಡಿತ್ತು.

ಕೊನೆಗೆ ಅಣ್ಣನೂ ಬಂದ. "ಹೊಡೆದವ್ನು ನಾನು. ಎಷ್ಟು ಆಳ ಹೋಗಿದೆ ಅಂತ ನಂಗಾದ್ರೂ ತೋರಿಸಿ."

ಎಲ್ಲರಿಗಿಂತ ಅವನಿಗೇ ಹೆಚ್ಚು ಹಕ್ಕಿದೆ ಎಂದು ಒಂದು ಕ್ಷಣ ಅನ್ನಿಸಿತು. ಕೈ ಎತ್ತಲಿಲ್ಲ. ಜನರನ್ನು ದೂರ ನಿಲ್ಲಿಸಿ ಎಂದೆ. ನಿಲ್ಲಿಸಿದ. ಆ ದಿನ ಅವನಿಗೆ ಎದುರಾಡುವವರು ಯಾರೂ ಇರಲಿಲ್ಲ.

ಯಾರದೋ ಓಮ್ನಿಯಲ್ಲಿ ಸೊರಬಕ್ಕೆ ಹೊರಟೆವು. ದಾರಿಯುದ್ದಕ್ಕೂ ಒತ್ತಿ ಹಿಡಿದಿದ್ದೆ. ಆಸ್ಪತ್ರೆಯಲ್ಲಿ ಡಾಕ್ಟರು ಕೈ ತೆಗೆಯಿರಿ ಎಂದರು.

"ಎತ್ತಿ ನೋಡಬಾರ್ದು ಅಂದಿದ್ದಾರೆ" ಎಂದೆ.

"ನಾನು ನೋಡಬೇಕಲ್ರೀ" ಎಂದರು.

ತೆಗೆದೆ. ಗಾಯ ಕಂಡ ನೆನಪಿಲ್ಲ, ಮುಖ ತಿರುಗಿಸಿರಬೇಕು. ಕಾಲ್ಬೆರಳು ಆಡಿಸು ಎಂದು ಡಾಕ್ಟರು ಹೇಳಿದ್ದು ಕೇಳಿಸಿತು.

ಹೊರಗೆ ಬೆಂಚಿನ ಮೇಲೆ ಪೊಲೀಸರ ಪಕ್ಕ ಅಣ್ಣ ಕೂತಿದ್ದ. ಒಳಗೆ ಬಿಟ್ಟಿರಲಿಲ್ಲ, ಡಾಕ್ಟರ ಮಾತು ಬಾಗಿಲಾಚೆಗೂ ಕೇಳಿಸಿತ್ತು.

"ಬೆರಳು ಆಡಿಸ್ತಾನಾ?"

"ಆಡಿಸ್ತಾನೆ."

"ನೀವೇ ನೋಡಿದ್ರಾ?"

"ನೋಡಿದೆ" ಎಂದೆ. ಅವನು ಎದ್ದು ಪೊಲೀಸರ ಜೊತೆ ಹೋದ.

ತಮ್ಮನ ಕಾಲಿನ ಹೆಬ್ಬೆರಳು ಅಲ್ಲಾಡಿದ್ದು ಇವತ್ತಿಗೂ ನನ್ನ ಕಣ್ಣ ಮುಂದಿದೆ. ಮುಖ ತಿರುಗಿಸಿದ್ದವನಿಗೆ ಅದು ಹೇಗೆ ಕಂಡಿತೋ ತಿಳಿಯದು. ತಮ್ಮ ಈಗ ಗದ್ದೆಗೆ ನಡೆದೇ ಹೋಗುತ್ತಾನೆ. ಬೆರಳು ಯಾವಾಗಲಾದರೂ ಅಲ್ಲಾಡಿರಲೇಬೇಕು.