ಅತ್ತೆಯ ಹಲ್ಲು ಡಬ್ಬಿಯಲ್ಲಿ, ಸೊಸೆಯ ಕಿವಿ ಟರ್ಬೊದಲ್ಲಿ

"ಹಲ್ಲು ಕೊಡಿ ಅತ್ತೆ."

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗ್ಯಾರೇಜಿನ ಮುಂದೆ ಬೂದು ಬಣ್ಣದ ಹಳೆಯ ಡೀಸೆಲ್ ಕಾರೊಂದು ಬಾನೆಟ್ ತೆರೆದುಕೊಂಡು ನಿಂತಿದೆ. ಹಿಂದಿನ ಸೀಟಿನಲ್ಲಿ ಕೂತ ಅತ್ತೆ, "ಕಾರ್ ಟೆಸ್ಟಿಗೆ ಹಲ್ಲು ಬಿಚ್ಚಿಸೋ ಮನೆ ಊರಲ್ಲಿ ಇದೊಂದೇ" ಎಂದು ಗೊಣಗಿ, ಕಟ್ಟಿಸಿದ ಹಲ್ಲಿನ ಎರಡೂ ಸಾಲು ತೆಗೆದು ಸೊಸೆ ಚಾಚಿದ ಸ್ಟೀಲ್ ಡಬ್ಬಿಗೆ ಹಾಕುತ್ತಾರೆ. ಸೊಸೆ ಡಬ್ಬಿಯನ್ನು ಅತ್ತೆಯ ಮಡಿಲಲ್ಲೇ ಇಟ್ಟು, ಬಾನೆಟ್ ಕೆಳಗೆ ತಲೆ ತೂರಿಸುತ್ತಾರೆ.

ಈ ಸೊಸೆಯನ್ನು ಡ್ರೈವರುಗಳು ಕರೆಯುವುದು ಟರ್ಬೊ ಅಕ್ಕ ಎಂದು. ಟರ್ಬೊ ಎಂದರೆ ಎಂಜಿನ್ನಿನ ತಿದಿ. ಕುಲುಮೆಯಲ್ಲಿ ತಿದಿ ಒತ್ತಿದಂತೆ ಇದು ಎಂಜಿನ್ನಿಗೆ ಗಾಳಿ ತುಂಬುತ್ತದೆ. ಅದನ್ನು ತಿರುಗಿಸುವುದು ಎಂಜಿನ್ ಹೊರಗೆಸೆಯುವ ಹೊಗೆಯೇ. ಗಾಳಿ ದಾರಿಯಲ್ಲಿ ಎಲ್ಲೋ ಸೋರಿದರೆ ಕಾರು ಏರಿನಲ್ಲಿ ಕಪ್ಪು ಹೊಗೆ ಕಾರುತ್ತಾ ಏದುಸಿರು ಬಿಡುತ್ತದೆ. ಕಷ್ಟವೆಂದರೆ, ಈ ರೋಗ ವೈದ್ಯರ ಮುಂದೆ ಕಾಣಿಸಿಕೊಳ್ಳುವುದಿಲ್ಲ. ಖಾಲಿ ಕಾರು ಸಮತಟ್ಟು ರಸ್ತೆಯಲ್ಲಿ ಹಸುವಿನಷ್ಟು ಸಾಧು. ಭಾರ ಹೊತ್ತು ಏರು ಹತ್ತಿದಾಗಲೇ ಅದರ ಬಣ್ಣ ಬಯಲಾಗುವುದು.

ಹಾಗಾಗಿ ಅಕ್ಕನಿಗೆ ಸ್ಪ್ಯಾನರಿಗಿಂತ ಮೊದಲು ಜನ ಬೇಕು. ಅತ್ತೆ ಖಾಯಂ. ಪಕ್ಕದಂಗಡಿಯ ಟೈಲರು ಕರೆದರೆ ಬರುತ್ತಾರೆ, ಇವತ್ತೂ ಬಂದಿದ್ದಾರೆ. ಬ್ರೆಡ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಗಂಡ ಮನೆ ಬಾಗಿಲು ಮುಟ್ಟುವ ಮೊದಲೇ ಕಾರಿಗೆ ಹತ್ತಿಸಲ್ಪಟ್ಟು, ಬಾಗಿಲು ಹಾಕುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದಾರೆ. "ಮಲಗಿದ್ರೂ ತೂಕ ಅಷ್ಟೇ ಅಲ್ವಾ," ಎನ್ನುತ್ತಾರೆ ಅಕ್ಕ.

ಹಲ್ಲಿನ ಕಥೆಗೆ ಹಿನ್ನೆಲೆಯಿದೆ. ಹಿಂದೊಮ್ಮೆ ಒಂದು ಕಾರು ಮೂರನೇ ಗೇರಿನಲ್ಲಿ ಸಣ್ಣಗೆ ಸಿಳ್ಳೆ ಹಾಕುತ್ತಿತ್ತು. ಅಕ್ಕ ಗಾಳಿಯ ಪೈಪುಗಳನ್ನೆಲ್ಲ ಬಿಚ್ಚಿ ಜೋಡಿಸಿದರೂ ಸಿಳ್ಳೆ ನಿಲ್ಲಲಿಲ್ಲ. ಮರುದಿನ ಅತ್ತೆಗೆ ಜ್ವರ ಬಂತು. ಕಾರಿನ ಸಿಳ್ಳೆ ವಾಸಿಯಾಯಿತು. ಏರಿನಲ್ಲಿ ಹೆದರಿ ಉಸಿರೆಳೆದುಕೊಂಡಾಗ ಅತ್ತೆಯ ಸಡಿಲ ಹಲ್ಲಿನ ಸಂದಿಯಿಂದ ಗಾಳಿ ನುಗ್ಗುತ್ತಿತ್ತು. "ಸೋರಿಕೆ ಇದ್ದಿದ್ದು ನಿಜ, ಬೇರೆ ಕಡೆ ಇತ್ತು ಅಷ್ಟೇ," ಎಂದು ಟೈಲರು ಇವತ್ತಿಗೂ ನಗುತ್ತಾರೆ.

ಅಕ್ಕ ಈ ಕೆಲಸ ಕಲಿತದ್ದು ಮಾವನಿಂದ. ಎಂಜಿನ್ನುಗಳ ಸದ್ದಿನಲ್ಲೇ ಬದುಕು ಸವೆಸಿದ ಮಾವನಿಗೆ ಕಿವಿ ಮಂದವಾಗಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಸೊಸೆಯೇ ಅವರ ಕಿವಿ. "ಮಾವ ಬಾನೆಟ್ ತೆಗೀತಿದ್ರು, ನಾನು ಸದ್ದು ಎಲ್ಲಿಂದ ಅಂತ ಬೆರಳು ತೋರಿಸ್ತಿದ್ದೆ. ಕೊನೆಕೊನೆಗೆ ಬೆರಳೂ ಬೇಕಿರ್ಲಿಲ್ಲ, ನನ್ನ ಮುಖ ನೋಡಿದ್ರೆ ಸಾಕಿತ್ತು." ಮಾವ ಹೋದ ಮೇಲೆ ಬಂದ ಗಿರಾಕಿಗಳು ಇವರನ್ನೇ "ಮೆಕ್ಯಾನಿಕ್ ಇಲ್ವಾ?" ಎಂದು ಕೇಳುತ್ತಿದ್ದರು. "ಒಳಗಿದ್ದಾರೆ, ಕರೀತೀನಿ" ಎಂದು ಒಳಹೋಗಿ, ಗ್ರೀಸಿನ ಕೋಟು ತೊಟ್ಟು ತಾವೇ ಹೊರಬರುತ್ತಿದ್ದರಂತೆ. ಆದರೂ ಕೆಲವರು ತಿರುಗಿ ಹೋದರು. ಹೊಸ ವರ್ಕ್‌ಶಾಪುಗಳು ಕೈಬಿಟ್ಟ ಹಳೇ ಕಾರುಗಳು ಮಾತ್ರ ಉಳಿದುಕೊಂಡವು.

ಬೂದು ಕಾರು ಅಂಥದ್ದೇ. ಇದರ ಡ್ರೈವರು ಬೆಟ್ಟದ ಮೇಲಿನ ಆಸ್ಪತ್ರೆಗೆ ದಿನಾ ನರ್ಸುಗಳನ್ನು ಕರೆದೊಯ್ಯುತ್ತಾರೆ. ಈ ವಾರವಿಡೀ ಕಾರು ಅರ್ಧ ಏರಿಗೇ ಉಸಿರು ಬಿಟ್ಟಿದೆ, ನರ್ಸುಗಳು ಇಳಿದು ನಡೆದಿದ್ದಾರೆ. ಇವತ್ತೂ ತಡವಾದರೆ ನಾಳೆಯಿಂದ ಬೇರೆ ಗಾಡಿ ಎಂದು ಆಸ್ಪತ್ರೆ ಹೇಳಿಬಿಟ್ಟಿದೆ. "ಅವರು ನನ್ನ ಕಾರ್ ಹತ್ತೋಕೆ ಓಡೋ ಶೂ ಹಾಕ್ಕೊಂಡು ಬರ್ತಾರೆ ಅಕ್ಕ. ವರ್ಕ್‌ಶಾಪಲ್ಲಿ ಟರ್ಬೊನೇ ಹೋಗಿದೆ, ಬದಲಾಯಿಸು ಅಂದ್ರು. ಈ ಕಾರ್ ಮಾರಿದ್ರೂ ಆ ಟರ್ಬೊ ಬರಲ್ಲ."

"ನೆಗಡಿ ಆಯ್ತು ಅಂತ ಮೂಗು ಕೊಯ್ಕೋತಾರಾ ಅಣ್ಣ? ತಾಳಿ," ಎನ್ನುತ್ತಾರೆ ಅಕ್ಕ. ಅವರ ಕೈಯಲ್ಲಿ ಹರಿದ ಬಿಳಿ ಬಟ್ಟೆಯ ಪಟ್ಟಿಗಳಿವೆ. ಟರ್ಬೊದ ಗಾಳಿಯಲ್ಲಿ ಸದಾ ಚೂರು ಎಣ್ಣೆಯ ಪಸೆ ಇರುತ್ತದೆ. ಎಲ್ಲಿ ಸೋರುತ್ತದೋ ಅಲ್ಲಿನ ಬಟ್ಟೆ ಕಪ್ಪಾಗುತ್ತದೆ. ಕೆಂಡದಂತೆ ಕಾಯುವ ಭಾಗಗಳನ್ನು ಬಿಟ್ಟು, ತಣ್ಣನೆಯ ಪೈಪುಗಳಿಗಷ್ಟೇ ಒಂದೊಂದಾಗಿ ಬಟ್ಟೆ ಸುತ್ತಿ ತಂತಿ ಬಿಗಿಯುತ್ತಾರೆ. ಬಟ್ಟೆ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಟೈಲರು ಮಲಗಿರುವ ಗಂಡನತ್ತ ಕಣ್ಣು ಹಾಯಿಸುತ್ತಾರೆ. "ಅವರ ಮನೇಲಿ ದಿಂಬು ಬೆತ್ತಲೆ, ಕಾರಿಗೆ ಮಾತ್ರ ಬಟ್ಟೆ."

ಕಾರು ಏರಿಗೆ ಮುಖ ಮಾಡುತ್ತದೆ. ಯಾರೂ ಮಾತಾಡುವಂತಿಲ್ಲ. ಅರ್ಧ ದಾರಿಗೆ ಸರಿಯಾಗಿ ಭುಸ್ಸೆಂಬ ಸದ್ದು, ಹಿಂದೆ ಕಪ್ಪು ಹೊಗೆ, ಕಾರು ಮುಗ್ಗರಿಸಿ ನಿಲ್ಲುತ್ತದೆ. ಡ್ರೈವರು ಸ್ಟಿಯರಿಂಗಿಗೆ ಹಣೆ ಹಚ್ಚಿ ಕೂರುತ್ತಾರೆ. ಅಕ್ಕನ ಮುಖ ಮಾತ್ರ ಅರಳಿದೆ.

ಬಾನೆಟ್ ಎತ್ತಿ ನೋಡಿದರೆ ಎಲ್ಲ ಪಟ್ಟಿಗಳೂ ಬೆಳ್ಳಗಿವೆ, ಕೆಳಗಿನದೊಂದನ್ನು ಬಿಟ್ಟು. ಅದರ ತುಂಬ ಎಣ್ಣೆಯ ಕಪ್ಪು ಕಲೆ. ಪಟ್ಟಿ ಬಿಚ್ಚಿದರೆ ರಬ್ಬರ್ ಪೈಪಿನಲ್ಲಿ ಗೀರೂ ಕಾಣದು. ಅಕ್ಕ ಅದನ್ನು ಕಳಚಿ ಬಾಗಿಸುತ್ತಾರೆ. ಬೆರಳುದ್ದದ ಬಾಯಿ ತೆರೆದುಕೊಳ್ಳುತ್ತದೆ.

"ನೋಡಿ, ಸುಮ್ನಿದ್ದಾಗ ಬಾಯಿ ಮುಚ್ಕೊಂಡಿರುತ್ತೆ. ಭಾರ ಬಿದ್ದಾಗ ಬಿಡುತ್ತೆ."

"ಬಾಯಿ ಮುಚ್ಕೊಂಡಿರೋದನ್ನ ನಿಮ್ಮತ್ತೆಗೂ ಹೇಳ್ಕೊಡಿ," ಎನ್ನುತ್ತಾರೆ ಟೈಲರು ಅತ್ತೆಯತ್ತ ತಿರುಗಿ. ಹಲ್ಲಿಲ್ಲದ ಅತ್ತೆ ಉತ್ತರವಾಗಿ ಡಬ್ಬಿಯನ್ನು ಗಲಗಲ ಅಲ್ಲಾಡಿಸುತ್ತಾರೆ.

ಬೆಟ್ಟದ ಬುಡದಲ್ಲಿರುವ ಗ್ಯಾರೇಜಿನ ಗೋಡೆಗೆ ನೇತುಹಾಕಿದ್ದ ಪೈಪುಗಳಲ್ಲಿ ಅಳತೆಗೆ ಸರಿಹೊಂದುವ ಒಂದನ್ನು ಟೈಲರು ಓಡಿಹೋಗಿ ತರುತ್ತಾರೆ. ಹೊಸ ಬಟ್ಟೆ ಸುತ್ತಿ, ಕಾರನ್ನು ಬುಡಕ್ಕಿಳಿಸಿ, ಅದೇ ಭಾರ ಹೊತ್ತು ಮತ್ತೆ ಏರು. ಭುಸ್ಸೆಂದ ಜಾಗ ಬರುತ್ತದೆ, ಹಿಂದೆ ಸರಿಯುತ್ತದೆ. ಕಾರು ನಿಲ್ಲುವುದು ಆಸ್ಪತ್ರೆಯ ಗೇಟಿನ ಮುಂದೆಯೇ.

ಎಲ್ಲರೂ ಇಳಿದು ಕೆಳಗಿನ ಊರು ನೋಡುತ್ತಾರೆ. ಗಂಡನೂ ಕಣ್ಣುಜ್ಜಿಕೊಂಡು ನೋಡುತ್ತಾರೆ. ಅಕ್ಕನ ತಲೆ ಮಾತ್ರ ಬಾನೆಟ್ ಒಳಗಿದೆ. ಪಟ್ಟಿ ಬೆಳ್ಳಗಿದೆ. ಅಷ್ಟರಲ್ಲಿ ಡ್ರೈವರಿನ ಫೋನು ಬಡಿದುಕೊಳ್ಳುತ್ತದೆ. "ಬೇಡ ಸಿಸ್ಟರ್, ಇವತ್ತು ಶೂ ಬೇಡ. ಚಪ್ಪಲಿ ಹಾಕ್ಕೊಂಡೇ ಬನ್ನಿ," ಎನ್ನುತ್ತಾರೆ.

ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ಅಕ್ಕ ಕೈ ಒರೆಸಿಕೊಳ್ಳುತ್ತಾ ಯೋಚಿಸುತ್ತಾರೆ. "ಇಲ್ಲಿಂದ ಊರು ಚೆನ್ನಾಗಿ ಕಾಣುತ್ತಂತೆ. ಎಷ್ಟು ಸಲ ಬಂದಿದ್ದೀನೋ, ನೋಡೋಕಾಗಿಲ್ಲ. ಒಂದ್ಸಲ ಬಾನೆಟ್ ತೆಗೀದೆ ನೋಡ್ಬೇಕು."

"ಅದಕ್ಯಾಕೆ ಕಾಯ್ತೀಯಾ, ಬಾ ಇಲ್ಲಿ," ಎಂದು ಆಗಷ್ಟೇ ಹಲ್ಲು ಹಾಕಿಕೊಂಡ ಅತ್ತೆ ಸೊಸೆಯ ಕೈ ಹಿಡಿದು ಅಂಚಿಗೆ ಎಳೆದೊಯ್ಯುತ್ತಾರೆ. ಅಕ್ಕ ನೋಡುತ್ತಾರೆ. ಮನೆಗಳ ಮೇಲೆ ಬಿಸಿಲು ಬೀಳುತ್ತಿದೆ. ಕೆಳಗೆ ಯಾವುದೋ ಕಾರು ಏರು ಹತ್ತುತ್ತಿದೆ. ಅವರ ತಲೆ ನಿಧಾನವಾಗಿ ಒಂದು ಬದಿಗೆ ವಾಲುತ್ತದೆ.

"ಆ ಕೆಂಪು ಕಾರು... ಉಸಿರು ಸಾಲ್ತಿಲ್ಲ."

ಅತ್ತೆ ಡಬ್ಬಿಯ ಮುಚ್ಚಳ ತೆಗೆಯುತ್ತಾರೆ.